ರಾಟವಾಳದ ಲೆಕ್ಕ ಇಡೋಣ

ಗುಂಡ್ಯ, ಶಿರಾಡಿ, ನೆಲ್ಯಾಡಿ, ಕಡಬ, ಸುಬ್ರಹ್ಮಣ್ಯ, ಸುಳ್ಯ, ಪುತ್ತೂರು ಸೀಮೆಯಲ್ಲಿ ಅಂಗಳದ ಹಕ್ಕಿಗಳಿಗೆ ಕಾಳು, ನೀರು ಇಡುವ ಎಲ್ಲರಿಗೆ,



ಹಕ್ಕಿಗಳಿಗೆಂದು ಅಂಗಳದ ಬದಿಯಲ್ಲಿ ಏನಾದರೂ ಇಡುವ ಮನೆಗಳು ನಮ್ಮ ಕಡೆ ಈಗ ಬೇಕಾದಷ್ಟಿವೆ. ಗೆರಟೆಯಲ್ಲಿ ನೀರು, ಹಳೆಯ ತಟ್ಟೆಯಲ್ಲಿ ನುಚ್ಚಕ್ಕಿ ಅಥವಾ ನವಣೆ, ಅನುಕೂಲವಿದ್ದವರಲ್ಲಿ ಪೇಟೆಯಿಂದ ತಂದು ತೂಗುಹಾಕಿದ ಕಾಳಿನ ಡಬ್ಬಿ. ಬಂದ ಹಕ್ಕಿಯ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ ‘ಇದು ಯಾವ ಹಕ್ಕಿ?’ ಎಂದು ಕೇಳುವ ಅಭ್ಯಾಸವೂ ಬೆಳೆದಿದೆ. ಒಬ್ಬರು ಗುಬ್ಬಿ ಎನ್ನುತ್ತಾರೆ, ಇನ್ನೊಬ್ಬರು ಫಿಂಚ್ ಎನ್ನುತ್ತಾರೆ, ಬಲ್ಲವರೊಬ್ಬರು ಮುನಿಯ ಎಂದು ತಿದ್ದುತ್ತಾರೆ. ಮರುದಿನ ಬೆಳಗಾಗುವಷ್ಟರಲ್ಲಿ ಶುಭೋದಯದ ಸಂದೇಶಗಳ ಅಡಿಯಲ್ಲಿ ಆ ಹಕ್ಕಿ ಹೂತುಹೋಗಿರುತ್ತದೆ. ಯಾವ ಊರು, ಯಾವ ದಿನ, ಎಷ್ಟು ಹಕ್ಕಿ ಎಂದು ಯಾರೂ ಕೇಳಿರುವುದಿಲ್ಲ. ಬರೆದಿಟ್ಟಿರುವುದಂತೂ ದೂರದ ಮಾತು. ಇಷ್ಟೆಲ್ಲ ಅಕ್ಕರೆಯಿಂದ ನೋಡಿದ್ದು ಹೀಗೆ ಕಳೆದುಹೋಗಬಾರದು, ಅಂಗಳದಲ್ಲಿ ಕಂಡದ್ದು ಊರಿನ ದಾಖಲೆಯಾಗಿ ಉಳಿಯಬೇಕು ಎಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ.

ಯಾವ ಹಕ್ಕಿಯ ಬಗ್ಗೆ ಮಾತು ಎಂಬುದು ಮೊದಲು ಸ್ಪಷ್ಟವಾಗಲಿ. ಫಿಂಚ್ ಎಂದು ಜಗತ್ತಿನ ಬೇರೆ ಬೇರೆ ಕಡೆ ಬೇರೆ ಬೇರೆ ಕುಟುಂಬದ ಹಕ್ಕಿಗಳನ್ನು ಕರೆಯುತ್ತಾರೆ. ಗಲಾಪಗಸ್ ದ್ವೀಪಗಳ ಡಾರ್ವಿನ್ ಫಿಂಚುಗಳು ಕೂಡ ನಿಜವಾದ ಫಿಂಚ್ ಕುಟುಂಬಕ್ಕೆ ಸೇರಿದವಲ್ಲ. ಆ ಕುಟುಂಬದ ಹಕ್ಕಿಯೊಂದು ನಮ್ಮ ಘಟ್ಟಕ್ಕೆ ಬರುವುದುಂಟು: ಚಳಿಗಾಲದ ವಲಸೆಗಾರ ರೋಸ್‌ಫಿಂಚ್. ಗಂಡಿನ ತಲೆ, ಎದೆ ಗುಲಾಬಿಗೆಂಪು. ಹೆಣ್ಣು ಗೆರೆಗೆರೆಯಾದ ಕಂದು, ದೂರದಿಂದ ಗುಬ್ಬಿಯೆಂದೇ ತೋರುತ್ತದೆ. ಘಟ್ಟದ ಮೇಲಿನ ಕುರಿಂಜಿ ಜಾತಿಯ ಗಿಡಗಳ ಬೀಜ, ಬಿದಿರಿನ ಅಕ್ಕಿ ಅದಕ್ಕೆ ಇಷ್ಟ. ನಿಮ್ಮ ತಟ್ಟೆಗೆ ಇಳಿದರೆ ಅದು ದೊಡ್ಡ ಸುದ್ದಿಯೇ. ಅಂಗಳಕ್ಕೆ ಗುಂಪುಗುಂಪಾಗಿ ಬರುವ, ಫಿಂಚ್ ಎಂದು ನಾವು ಕರೆಯುವ ಪುಟ್ಟ ಹಕ್ಕಿ ಹೆಚ್ಚಾಗಿ ರಾಟವಾಳ, ಅಂದರೆ ಮುನಿಯ. ಪೇಟೆಯಲ್ಲಿ ಪಂಜರದಲ್ಲಿಟ್ಟು ಮಾರುವ ಬೆಂಗಾಲೀಸ್ ಫಿಂಚ್ ಕೂಡ ನಮ್ಮ ತೋಟಗಳ ಬಿಳಿಬೆನ್ನಿನ ರಾಟವಾಳದ ಜಾತಿಯಿಂದಲೇ ಪೂರ್ವ ಏಷ್ಯಾದಲ್ಲಿ ಪಳಗಿಸಿದ ಸಾಕುತಳಿ.

ನಮ್ಮ ಸೀಮೆಯಲ್ಲಿ ಮುಖ್ಯವಾಗಿ ಗುರುತಿಸಬೇಕಾದ ರಾಟವಾಳಗಳು ಮೂರು. ಚುಕ್ಕೆ ರಾಟವಾಳದ ಮುಖ, ಗಂಟಲು ಕಡುಕಂದು. ಎದೆಯಿಂದ ಹೊಟ್ಟೆಯವರೆಗೆ ಮೀನಿನ ಹುರುಪೆಯಂಥ ಕಂದು ಬಿಳಿ ವಿನ್ಯಾಸ. ಬಿಳಿಬೆನ್ನಿನ ರಾಟವಾಳದ ತಲೆ, ಎದೆ ಕಪ್ಪು ಮಿಶ್ರಿತ ಕಂದು, ಹೊಟ್ಟೆ ಬಿಳಿ, ಬಾಲ ಚೂಪು; ಹಾರಿ ಹೋಗುವಾಗ ಬಾಲದ ಬುಡದ ಮೇಲೆ ಬಿಳಿ ಪಟ್ಟಿ ಥಟ್ಟನೆ ಕಾಣುತ್ತದೆ. ಮೂರನೆಯದು ಕಪ್ಪುಗಂಟಲಿನ ರಾಟವಾಳ. ಮುಖ, ಗಂಟಲು ಕಪ್ಪೇ ಆದರೂ ಹೊಟ್ಟೆ ಬಿಳಿಯಲ್ಲ, ನಸುಗೆಂಪು ಛಾಯೆಯ ಕಂದು. ಬೆನ್ನಿನ ಮೇಲೆ ಆ ಬಿಳಿ ಪಟ್ಟಿಯೂ ಇಲ್ಲ. ದಕ್ಷಿಣ ಭಾರತದ ಬೆಟ್ಟಸೀಮೆ ಮತ್ತು ಶ್ರೀಲಂಕಾ ಬಿಟ್ಟರೆ ಈ ಮೂರನೆಯದು ಜಗತ್ತಿನಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಘಟ್ಟದ ಬುಡದಲ್ಲಿರುವ ಗುಂಡ್ಯ, ಶಿರಿಬಾಗಿಲು, ಕೊಂಬಾರಿನಂಥ ಊರುಗಳಲ್ಲಿ ಕುಳಿತವರು ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವನ್ನು ಎಚ್ಚರದಿಂದ ನೋಡಬೇಕು. ಬೆಟ್ಟದ ಹಕ್ಕಿ ಕೆಳಗೆ ಎಲ್ಲಿಯವರೆಗೆ ಇಳಿಯುತ್ತದೆ, ವರ್ಷದ ಯಾವ ತಿಂಗಳಲ್ಲಿ ಇಳಿಯುತ್ತದೆ ಎಂಬುದನ್ನು ಹೇಳಲು ನಿಮಗಿಂತ ಒಳ್ಳೆಯ ಜಾಗದಲ್ಲಿ ಇರುವವರು ಯಾರೂ ಇಲ್ಲ. ಪೂರ್ತಿ ಗುಂಪನ್ನೇ ‘ಮುನಿಯ’ ಎಂದು ಕರೆದು ಬಿಟ್ಟರೆ ಈ ಪ್ರಶ್ನೆ ಕೇಳುವುದಕ್ಕೇ ಆಗುವುದಿಲ್ಲ.

ಈ ಪ್ರಶ್ನೆಗಳಿಗೆ ಈಗೇಕೆ ಇಷ್ಟು ಮಹತ್ವ ಎಂದರೆ, ರಾಟವಾಳದ ಅನ್ನದ ಬಟ್ಟಲು ನಮ್ಮ ಕಣ್ಣೆದುರೇ ಬದಲಾಗಿದೆ. ಇದು ಹುಲ್ಲಿನ ಬೀಜ, ಭತ್ತದ ಕಾಳು ನಂಬಿ ಬದುಕುವ ಹಕ್ಕಿ. ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷದಲ್ಲಿ ಒಂದರಿಂದ ಮೂರು ಬೆಳೆ ತೆಗೆಯುತ್ತಿದ್ದ ಬೈಲು, ಮಜಲು, ಬೆಟ್ಟು ಗದ್ದೆಗಳು ಕಳೆದ ನಾಲ್ಕೈದು ದಶಕಗಳಲ್ಲಿ ಒಂದೊಂದಾಗಿ ಅಡಿಕೆ ತೋಟಗಳಾದವು. ಗುಡ್ಡೆಯ ಮುಳಿಹುಲ್ಲಿನ ಜಾಗಕ್ಕೆ ರಬ್ಬರ್ ಬಂತು. ಆಳು ಸಿಗದಿರುವುದು, ಕಾಡುಹಂದಿಯ ಕಾಟ, ಅಡಿಕೆಗೆ ಸಿಗುವ ಧಾರಣೆ, ಇವೆಲ್ಲ ಸೇರಿ ಆದ ಬದಲಾವಣೆ ಇದು. ಭತ್ತ ಬಿಟ್ಟ ಕೃಷಿಕರನ್ನು ಇದಕ್ಕಾಗಿ ದೂರಲು ನಾನು ಸಿದ್ಧನಿಲ್ಲ. ಆದರೆ ತೆನೆ ಕಟ್ಟುವ ಹಬ್ಬದ ದಿನ ನಾಲ್ಕು ತೆನೆಗಾಗಿ ಬೇರೆ ಊರಿನ ಗದ್ದೆ ಹುಡುಕಬೇಕಾದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಮನುಷ್ಯರಿಗೇ ಹೀಗಾದರೆ ಹಕ್ಕಿಗೆ ಏನಾಗಿದೆ? ತೋಟದ ಒಳಗೆ ಹುಲ್ಲು ಬೆಳೆಯುತ್ತದೆ, ನಿಜ. ಆದರೆ ಅದು ಬೀಜ ಕಟ್ಟುವ ಹೊತ್ತಿಗೆ ಹುಲ್ಲು ಕತ್ತರಿಸುವ ಯಂತ್ರವೋ ಕಳೆನಾಶಕವೋ ಬಂದಿರುತ್ತದೆ.

ಹಾಗಾದರೆ ರಾಟವಾಳ ಕಡಿಮೆಯಾಗಿದೆ ಎಂದು ಹೇಳಿಬಿಡಬಹುದೇ? ಇಲ್ಲ. ಎರಡು ದಿಕ್ಕಿನ ಊಹೆಗೂ ಇಲ್ಲಿ ಜಾಗವಿದೆ. ಗದ್ದೆ ಹೋದದ್ದರಿಂದ ಹಕ್ಕಿ ಕಡಿಮೆಯಾಗಿರಬಹುದು. ರಸ್ತೆ ಅಗಲವಾದಲ್ಲೆಲ್ಲ ಅಂಚಿನಲ್ಲಿ ಗಿನಿ ಹುಲ್ಲು ಎದ್ದಿದೆ, ಹಸು ಸಾಕುವವರು ಮೇವಿನ ಹುಲ್ಲು ನೆಟ್ಟಿದ್ದಾರೆ. ಅದರಿಂದ ಹಕ್ಕಿ ಹೇಗೋ ಸುಧಾರಿಸಿಕೊಂಡಿರಲೂಬಹುದು. ‘ನಮ್ಮ ತಟ್ಟೆಗೆ ಈಗ ಮೊದಲಿಗಿಂತ ಜಾಸ್ತಿ ಬರುತ್ತವೆ, ಅವಕ್ಕೇನೂ ಆಗಿಲ್ಲ’ ಎಂದು ಹೇಳುವವರಿದ್ದಾರೆ. ತಟ್ಟೆ ತುಂಬಿದ್ದು ಹಕ್ಕಿ ಹೆಚ್ಚಿದ್ದರಿಂದಲೂ ಇರಬಹುದು, ಹೊರಗೆ ತಿನ್ನಲು ಸಿಗದೆ ಇದ್ದಬದ್ದ ಹಕ್ಕಿಗಳೆಲ್ಲ ಒಂದೇ ಅಂಗಳಕ್ಕೆ ಬಂದು ಸೇರಿದ್ದರಿಂದಲೂ ಇರಬಹುದು. ಒಂದು ದಿನದ ಫೋಟೊ ನೋಡಿ ಇವೆರಡರಲ್ಲಿ ಯಾವುದು ಸರಿ ಎಂದು ಯಾರೂ ಹೇಳಲಾರರು. ಐದು ವರ್ಷ, ತಿಂಗಳು ತಿಂಗಳೂ, ಹತ್ತಾರು ಅಂಗಳಗಳಿಂದ, ಬಂದದ್ದನ್ನೂ ಬಾರದಿದ್ದುದನ್ನೂ ಬರೆದ ಲೆಕ್ಕವಿದ್ದರೆ ಹೇಳಬಹುದು.

ಜನಸಾಮಾನ್ಯರ ಲೆಕ್ಕದಿಂದ ಇಷ್ಟೆಲ್ಲ ಆಗುತ್ತದೆಯೇ ಎಂಬ ಅನುಮಾನಕ್ಕೆ ನಮ್ಮ ದೇಶದಲ್ಲೇ ಉತ್ತರವಿದೆ. 2023ರಲ್ಲಿ ಪ್ರಕಟವಾದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಯ ಹಕ್ಕಿಗಳ ಸ್ಥಿತಿಯನ್ನು ಅಳೆಯಿತು. ಅದಕ್ಕೆ ಆಧಾರವಾದದ್ದು 30,000ಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ಇ-ಬರ್ಡ್ ಎಂಬ ವೇದಿಕೆಗೆ ತುಂಬಿದ ಸುಮಾರು 3 ಕೋಟಿ ದಾಖಲೆಗಳು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ ಶೇಕಡ 60ರಷ್ಟು ಇಳಿಮುಖವಾಗಿವೆ ಎಂದು ತಿಳಿದದ್ದು ಹೀಗೆ. ಇದೇ ಸರಣಿಯ 2020ರ ವರದಿ ಇನ್ನೊಂದು ಮಾತನ್ನೂ ಹೇಳಿತ್ತು. ಗುಬ್ಬಿ ದೇಶದಿಂದಲೇ ಮಾಯವಾಗುತ್ತಿದೆ ಎಂದು ವರ್ಷಗಟ್ಟಲೆ ಭಾಷಣ ಕೇಳಿದ್ದೇವೆ. ದೊಡ್ಡ ನಗರಗಳಲ್ಲಿ ಇಳಿದಿರುವುದು ಹೌದು, ಆದರೆ ಒಟ್ಟಾರೆ ದೇಶದಲ್ಲಿ ಗುಬ್ಬಿ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು ಲೆಕ್ಕ ತೋರಿಸಿತು. ನವಿಲು ಹೆಚ್ಚಾಗಿದೆ ಎಂಬ ನಮ್ಮ ಕೃಷಿಕರ ಅನುಭವವನ್ನು ಅದೇ ಲೆಕ್ಕ ನಿಜ ಎಂದಿತು. ಜನರ ನಂಬಿಕೆ ಒಂದು ಕಡೆ ತಪ್ಪಿತ್ತು, ಇನ್ನೊಂದು ಕಡೆ ಸರಿಯಿತ್ತು; ಯಾವುದು ಯಾವುದೆಂದು ಬೇರ್ಪಡಿಸಿ ತೋರಿಸಿದ್ದು ಬರೆದಿಟ್ಟ ಪಟ್ಟಿಗಳು. ಸುಳ್ಯದ ಗಡಿ ದಾಟಿದರೆ ಸಿಗುವ ಕಾಸರಗೋಡಿನಲ್ಲಿ ಈ ಕೆಲಸ ಇನ್ನೂ ಅಚ್ಚುಕಟ್ಟಾಗಿ ನಡೆದಿದೆ. 2015ರಿಂದ 2020ರವರೆಗೆ ಕೇರಳದ ಹಕ್ಕಿಪ್ರಿಯರು ಇಡೀ ರಾಜ್ಯವನ್ನು ಚೌಕಗಳಾಗಿ ವಿಂಗಡಿಸಿ, ಮಳೆಗಾಲಕ್ಕೊಮ್ಮೆ ಬೇಸಗೆಗೊಮ್ಮೆ ಎಣಿಸಿ ಹಕ್ಕಿಗಳ ನಕಾಶೆ ಮಾಡಿದರು. ನಮ್ಮ ರಾಜ್ಯದ ಮೈಸೂರು ನಗರದಲ್ಲೂ 2014ರ ಸುಮಾರಿಗೆ ಅಂಥ ನಕಾಶೆಯ ಕೆಲಸ ಆಗಿದೆ. ಗಡಿಯ ಆಚೆಯ ಎಣ್ಮಕಜೆಯ ಹಕ್ಕಿಗೆ ಲೆಕ್ಕವಿದ್ದು ಈಚೆಯ ಅಂಗಳದ ಹಕ್ಕಿಗೆ ಇಲ್ಲವೆಂದರೆ ಅದು ನಮ್ಮ ಕೊರತೆ.

ದಾಖಲೆ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ನೆಲವೇ ಎರಡು ಸಲ ಕಂಡಿದೆ. ನೆಲ್ಯಾಡಿಯ ನೆರೆಯ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಜನರ ಮೈಮೇಲೆ ಅದು ಮಾಡಿದ ಹಾನಿಯನ್ನು ಲೆಕ್ಕಕ್ಕೆ ತರಲು ಎಷ್ಟೋ ವರ್ಷಗಳ ಹೋರಾಟ ಬೇಕಾಯಿತು; ಸುಪ್ರೀಂ ಕೋರ್ಟ್ ಅದರ ಬಳಕೆಗೆ ತಡೆ ಹಾಕಿದ್ದು 2011ರಲ್ಲಿ. ಜೇನು ಸತ್ತಿತು, ಹಕ್ಕಿ ಕಡಿಮೆಯಾಯಿತು ಎಂಬ ಮಾತು ಸಿಂಪಡಣೆಯಾದ ಊರುಗಳಲ್ಲಿ ಕೇಳಿಬಂತು. ಸಿಂಪಡಣೆಗೆ ಮುಂಚೆ ಮನೆಯಂಗಳಗಳಲ್ಲಿ ಇಷ್ಟಿಷ್ಟು ಹಕ್ಕಿ ಇತ್ತು ಎಂದು ತೋರಿಸುವ ನಾಲ್ಕು ಪುಸ್ತಕಗಳು ಆಗ ಯಾರ ಮನೆಯಲ್ಲಾದರೂ ಇದ್ದಿದ್ದರೆ ಆ ಮಾತಿನ ತೂಕ ಬೇರೆಯೇ ಆಗುತ್ತಿತ್ತು. ಇನ್ನೊಂದು ಗುಂಡ್ಯ ಜಲವಿದ್ಯುತ್ ಯೋಜನೆಯ ವಿಚಾರ. 200 ಮೆಗಾವಾಟಿನ ಆ ಯೋಜನೆಗೆ ಅನುಮತಿ ಕೊಡಬಾರದು ಎಂದು ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ 2011ರ ವರದಿಯಲ್ಲಿ ಹೇಳಿತು. ಗುಂಡ್ಯ ನದಿ ಕೊಳ್ಳದ ಗಿಡಮರ, ಮೀನು, ಕಪ್ಪೆ, ಹಕ್ಕಿಗಳನ್ನು ಪಟ್ಟಿ ಮಾಡಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿದ್ದರು. ಗುಂಡ್ಯದ ಹೆಸರನ್ನೇ ಹೊತ್ತ ಕಪ್ಪೆಯ ಜಾತಿಯೊಂದೂ ಇದೆ. ಇಲ್ಲಿ ಏನಿದೆ ಎಂದು ಹೆಸರು ಹಿಡಿದು ಹೇಳಲು ಸಾಧ್ಯವಿದ್ದುದರಿಂದ ಕಾಡಿನ ಪರವಾದ ವಾದಕ್ಕೆ ಕಾಲೂರಲು ನೆಲ ಸಿಕ್ಕಿತು.

ಇದೆಲ್ಲ ಅಪರೂಪದ ಜೀವಿಗಳಿಗೆ ಸರಿ, ಎಲ್ಲೆಂದರಲ್ಲಿ ಕಾಣುವ ರಾಟವಾಳಕ್ಕೇಕೆ ಎಂದು ಕೇಳುವವರಿದ್ದಾರೆ. ಮಂಗಟ್ಟೆಹಕ್ಕಿಯನ್ನು ಕಂಡವರು ಹೇಗೂ ಬರೆಯುತ್ತಾರೆ, ಸಾರುತ್ತಾರೆ. ಎಲ್ಲೆಲ್ಲೂ ಇರುವುದನ್ನು ಬರೆಯುವವರು ಕಡಿಮೆ. ಹಾಗಾಗಿ ಅದು ಇಳಿಯತೊಡಗಿದಾಗ ಗೊತ್ತಾಗುವುದೂ ತಡ. ಇದಕ್ಕೆ ಇಂಗ್ಲೆಂಡಿನ ಗ್ರೀನ್‌ಫಿಂಚ್ ಸಾಕ್ಷಿ. ಅಲ್ಲಿನ ಮನೆಮನೆಯ ಕಾಳುತಟ್ಟೆಗೂ ಬರುತ್ತಿದ್ದ ಸಾಮಾನ್ಯ ಹಕ್ಕಿ ಅದು. ಪಾರಿವಾಳಗಳಲ್ಲಿ ಇದ್ದ, ಗಂಟಲು ಕಟ್ಟಿಸುವ ಒಂದು ಪರೋಪಜೀವಿಯ ರೋಗ 2005ರಲ್ಲಿ ಫಿಂಚುಗಳಲ್ಲಿ ಕಾಣಿಸಿ, ಮರುವರ್ಷ ದೊಡ್ಡದಾಗಿ ಹರಡಿತು. ಬ್ರಿಟನ್ನಿನಲ್ಲಿ ಸುಮಾರು 43 ಲಕ್ಷ ಇದ್ದ ಗ್ರೀನ್‌ಫಿಂಚುಗಳು 2009ರ ಹೊತ್ತಿಗೆ 28 ಲಕ್ಷಕ್ಕೆ ಇಳಿದವು. 2021ರಲ್ಲಿ ಅದನ್ನು ಅಲ್ಲಿನ ಕೆಂಪು ಪಟ್ಟಿಗೆ ಸೇರಿಸಿದರು. ರೋಗದ ಹಾದಿಯನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಲು ಆದದ್ದು, ತಮ್ಮ ಹಿತ್ತಲಿಗೆ ಬಂದ ಹಕ್ಕಿಗಳನ್ನು 1990ರ ದಶಕದಿಂದಲೇ ವಾರವಾರವೂ ಬರೆಯುತ್ತಿದ್ದ ಗೃಹಸ್ಥರು, ಗೃಹಿಣಿಯರು ಅಲ್ಲಿ ಇದ್ದುದರಿಂದ.

‘ನಮಗೆ ಹಕ್ಕಿಶಾಸ್ತ್ರ ಗೊತ್ತಿಲ್ಲ, ತಪ್ಪು ಬರೆದರೆ?’ ಎಂಬುದು ಎಲ್ಲರೂ ಕೇಳುವ, ನಾನು ಅತ್ಯಂತ ಗೌರವದಿಂದ ನೋಡುವ ಪ್ರಶ್ನೆ. ತಪ್ಪು ಬರೆಯಬಾರದು ಎಂಬ ಅಳುಕು ಇರುವವರೇ ಈ ಕೆಲಸಕ್ಕೆ ಬೇಕು. ರಾಟವಾಳದ ಮರಿಗಳನ್ನೇ ತೆಗೆದುಕೊಳ್ಳಿ. ಮಳೆಗಾಲದ ಬೆನ್ನಿಗೆ ಗೂಡು ಬಿಟ್ಟ ಎಳೆಯ ಹಕ್ಕಿಗಳು ಗುಂಪಿನಲ್ಲಿ ತುಂಬಾ ಇರುತ್ತವೆ. ಚುಕ್ಕೆ ರಾಟವಾಳದ ಮರಿಗೆ ಚುಕ್ಕೆಯೂ ಇಲ್ಲ, ಹುರುಪೆಯೂ ಇಲ್ಲ; ಮೈಯೆಲ್ಲ ಒಂದೇ ತೆರನಾದ ಮಾಸಲು ಕಂದು. ಬೇರೆ ರಾಟವಾಳಗಳ ಮರಿಗಳೂ ಹೆಚ್ಚುಕಡಿಮೆ ಹೀಗೇ ಇರುವುದರಿಂದ, ಜೊತೆಗೆ ದೊಡ್ಡ ಹಕ್ಕಿ ಇಲ್ಲದಿದ್ದರೆ ಪಳಗಿದವರೂ ಖಚಿತವಾಗಿ ಹೇಳಲು ಹಿಂಜರಿಯುತ್ತಾರೆ. ಅಂಥಲ್ಲಿ ‘ರಾಟವಾಳ, ಯಾವುದೆಂದು ಗೊತ್ತಾಗಲಿಲ್ಲ’ ಎಂದು ಬರೆಯುವುದು ಪೂರ್ಣ ದಾಖಲೆಯೇ. ಇ-ಬರ್ಡಿನಲ್ಲೂ ಹಾಗೆ ನಮೂದಿಸಲು ಅವಕಾಶವಿದೆ. ಸಂಶಯವನ್ನು ಮುಚ್ಚಿಟ್ಟು ಒಂದು ಹೆಸರು ಅಂಟಿಸುವುದರಿಂದ ಮಾತ್ರ ಲೆಕ್ಕ ಕೆಡುತ್ತದೆ. ಮರ್ಲಿನ್‌ನಂಥ ಆ್ಯಪ್ ಫೋಟೊ ನೋಡಿ ಹೆಸರು ಸೂಚಿಸುತ್ತದೆ. ಅದನ್ನು ಸಲಹೆ ಎಂದು ತೆಗೆದುಕೊಂಡು, ಗಂಟಲು, ಹೊಟ್ಟೆ, ಬಾಲದ ಬುಡ ಈ ಮೂರನ್ನೂ ನೀವೇ ನೋಡಿ ತೀರ್ಮಾನಿಸಿ. ಫೋಟೊ ತೆಗೆಯುವಾಗಲೂ ಮುಖದ ಅಂದಕ್ಕೆ ಸೋಲದೆ, ಹೊಟ್ಟೆ ಮತ್ತು ಬೆನ್ನು ಕಾಣುವ ಹಾಗೆ ಇನ್ನೆರಡು ತೆಗೆಯಿರಿ. ಅಸಾಧಾರಣವಾದ ಹಕ್ಕಿಯೋ ಸಂಖ್ಯೆಯೋ ಬಂದರೆ ಆಯಾ ಪ್ರದೇಶ ಬಲ್ಲ ಪರಿಶೀಲಕರು ಬರೆದು ಕೇಳುವ ವ್ಯವಸ್ಥೆ ಇ-ಬರ್ಡಿನಲ್ಲಿ ಇದೆ. ಅವರು ಪ್ರಶ್ನೆ ಕೇಳಿದರೆ ನಿಮ್ಮ ಮೇಲೆ ಅಪನಂಬಿಕೆ ಎಂದು ಭಾವಿಸಬೇಡಿ.

ವಿಜ್ಞಾನ ಬಲ್ಲವರು ಎತ್ತುವ ಆಕ್ಷೇಪ ಇನ್ನಷ್ಟು ಗಟ್ಟಿಯಾದದ್ದು. ಕಾಳು ಇಟ್ಟಲ್ಲಿ ಹಕ್ಕಿ ಬರುವುದು ಸಹಜ, ಅದನ್ನು ಎಣಿಸಿದರೆ ಕಾಳಿನ ಲೆಕ್ಕವಾಗುತ್ತದೆಯೇ ಹೊರತು ಹಕ್ಕಿಯದ್ದಲ್ಲ ಎನ್ನುತ್ತಾರೆ. ಮಾತು ಸರಿ. ಅದಕ್ಕೇ ಬರಿಯ ಸಂಖ್ಯೆ ಸಾಲದು, ಎಷ್ಟು ಹೊತ್ತು ನೋಡಿದಿರಿ, ಆ ದಿನ ಕಾಳು ಇತ್ತೋ ಇಲ್ಲವೋ ಎಂಬುದೂ ಜೊತೆಗೆ ಬೇಕು. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ 15 ನಿಮಿಷ ಕೂತು, ಕಂಡ ಎಲ್ಲ ಹಕ್ಕಿಗಳನ್ನೂ ಬರೆಯುವುದು ಒಳ್ಳೆಯ ಕ್ರಮ. ಒಂದು ಗುಂಪು ಹೋಗಿ ಮತ್ತೆ ಬಂದರೆ ಕೂಡಿಸಬೇಡಿ. ಒಮ್ಮೆಗೆ ಕಣ್ಣಿಗೆ ಬಿದ್ದ ಅತಿ ಹೆಚ್ಚು ಸಂಖ್ಯೆಯನ್ನು ಬರೆದರೆ ಸಾಕು. ಒಂದೂ ಬರಲಿಲ್ಲವಾದರೆ ಸೊನ್ನೆ ಎಂದು ಬರೆಯಿರಿ. ಈ ಸೊನ್ನೆಯನ್ನು ಬರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ, ಬರೆಯದಿದ್ದರೆ ಮಿಕ್ಕ ಸಂಖ್ಯೆಗಳಿಗೆ ಅರ್ಥವೂ ಉಳಿಯುವುದಿಲ್ಲ. ತಟ್ಟೆಯ ಬಳಿಯ ಲೆಕ್ಕದ ಜೊತೆಗೆ ತಟ್ಟೆಯಿಲ್ಲದ ಒಂದು ಜಾಗದ, ಉದಾಹರಣೆಗೆ ಪಾಳುಬಿದ್ದ ಗದ್ದೆಯ ಹುಣಿಯ, ಲೆಕ್ಕವನ್ನೂ ಇಟ್ಟರೆ ಆಕ್ಷೇಪದ ಬಹುಪಾಲು ಅಲ್ಲಿಗೇ ಬಗೆಹರಿಯುತ್ತದೆ.

ತಟ್ಟೆಯ ವಿಚಾರ ಬಂದದ್ದರಿಂದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು, ಸ್ವಲ್ಪ ಕಟುವಾದರೂ ಸರಿ. ರಾಟವಾಳ ತಿನ್ನುವುದನ್ನು ಹತ್ತಿರದಿಂದ ನೋಡಿ. ಅದು ಕಾಳನ್ನು ಕಚ್ಚಿಕೊಂಡು ಹಾರುವುದಿಲ್ಲ. ತಟ್ಟೆಯ ಅಂಚಿನಲ್ಲೇ ಕೂತು, ನವಣೆಯ ಕಾಳನ್ನು ನೀಲಿಬೂದು ಕೊಕ್ಕಿನ ನಡುವೆ ಹೊರಳಿಸಿ, ಅದುಮಿ ಸಿಪ್ಪೆ ಬಿಡಿಸಿ, ತಿರುಳು ನುಂಗುತ್ತದೆ. ಸಿಪ್ಪೆ ಅಲ್ಲೇ ಬೀಳುತ್ತದೆ, ಹಿಕ್ಕೆಯೂ ಅಲ್ಲೇ ಬೀಳುತ್ತದೆ. ಮೇಲಿನಿಂದ ನೋಡಿದವರಿಗೆ ತಟ್ಟೆ ಇನ್ನೂ ತುಂಬಿದಂತೆ ಕಾಣುತ್ತದೆ. ಊದಿ ನೋಡಿದರೆ ಕಾಳಿಲ್ಲ, ಬರೀ ಹೊಟ್ಟು. ಅದರ ಮೇಲೆ ಹೊಸ ಕಾಳು ಸುರಿಯುತ್ತ ಹೋದರೆ ಅಡಿಯಲ್ಲಿ ಬೂಸಲು ಹಿಡಿಯುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಆಟಿಯ ದಿನಗಳಲ್ಲಿ ತೆರೆದ ತಟ್ಟೆಯ ಕಾಳು ಒಂದೇ ದಿನಕ್ಕೆ ಕೆಡುತ್ತದೆ. ಅಮೆರಿಕದಲ್ಲಿ 1994ರಲ್ಲಿ ವಾಷಿಂಗ್ಟನ್ ಸುತ್ತಮುತ್ತಲ ಮನೆಗಳ ಕಾಳುತಟ್ಟೆಗೆ ಬಂದ ಹೌಸ್ ಫಿಂಚುಗಳ ಕಣ್ಣು ಊದಿಕೊಂಡಿರುವುದನ್ನು ಹಕ್ಕಿಪ್ರಿಯರು ಗಮನಿಸಿದರು. ಕೋಳಿಗಳಲ್ಲಿ ಕಾಣುವ ಒಂದು ಬ್ಯಾಕ್ಟೀರಿಯಾ ಅದಕ್ಕೆ ಕಾರಣವಾಗಿತ್ತು, ಹಕ್ಕಿಗಳು ಒತ್ತಾಗಿ ಸೇರುವ ತಟ್ಟೆಗಳು ಅದು ಹರಡಲು ದಾರಿ ಮಾಡಿಕೊಟ್ಟವು. ಕಾರ್ನೆಲ್ ವಿಶ್ವವಿದ್ಯಾಲಯದವರು ಆ ಜನರಿಂದಲೇ ವರದಿ ತರಿಸಿ ರೋಗ ಊರಿಂದೂರಿಗೆ ಹರಡಿದ ದಾರಿಯನ್ನು ಗುರುತಿಸಿದರು. ಕೆಲವೇ ವರ್ಷಗಳಲ್ಲಿ ಪೂರ್ವ ಅಮೆರಿಕದ ಹೌಸ್ ಫಿಂಚುಗಳ ಸಂಖ್ಯೆ ಬಹಳವಾಗಿ ಕುಸಿಯಿತು. ಅಂಗಳದಲ್ಲಿ ಕೋಳಿ ಸಾಕುವ ನಾವು ಇದನ್ನು ದೂರದ ಕಥೆ ಎಂದು ಬಿಡುವಂತಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ದಿನಕ್ಕೆ ಒಂದು ಮುಷ್ಟಿಗಿಂತ ಹೆಚ್ಚು ಕಾಳು ಬೇಡ, ಸಂಜೆಗೆ ಹೊಟ್ಟು ಚೆಲ್ಲಿ ತಟ್ಟೆ ತೊಳೆದು ಬಿಸಿಲಿಗೆ ಒಣಗಿಸಿ, ಕಣ್ಣು ಊದಿದ ಅಥವಾ ಮುದುಡಿ ಕೂತ ಹಕ್ಕಿ ಕಂಡರೆ ತಟ್ಟೆಯನ್ನೇ ಕೆಲವು ವಾರ ತೆಗೆದಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಳು ಇಡದಿರುವುದೇ ಒಳ್ಳೆಯದು. ಆಗ ಹಕ್ಕಿಗೆ ಬೇಕಾದದ್ದು ಹಾಲುಗಾಳು ಕಟ್ಟಿದ ಹಸಿ ಹುಲ್ಲು. ತೋಟದ ಅಂಚಿನಲ್ಲಿ, ತೋಡಿನ ಬದಿಯಲ್ಲಿ ಒಂದು ಪಟ್ಟಿ ಹುಲ್ಲನ್ನು ಬೀಜವಾಗುವವರೆಗೆ ಕತ್ತರಿಸದೆ ಬಿಟ್ಟರೆ ತಟ್ಟೆಗಿಂತ ದೊಡ್ಡ ಉಪಕಾರವಾಗುತ್ತದೆ. ಅಲ್ಲಿ ಕೂತು ಎಣಿಸಿದ್ದಕ್ಕೂ ಅಷ್ಟೇ ಬೆಲೆ.

ಜಾಗ ಹೇಳಿದರೆ ಹಕ್ಕಿ ಹಿಡಿಯುವವರಿಗೆ ದಾರಿ ತೋರಿಸಿದಂತೆ ಎಂಬ ಭಯ ಸುಳ್ಳಲ್ಲ. ಮುನಿಯಗಳನ್ನು ಹಿಡಿದು, ಬಣ್ಣ ಬಳಿದು ಮಾರುವ ದಂಧೆ ನಮ್ಮ ದೇಶದಲ್ಲಿ ಹಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಆದರೂ ಎಚ್ಚರ ಬೇಕು. ಗೂಡಿನ ಫೋಟೊ ಎಲ್ಲಿಯೂ ಹಾಕಬೇಡಿ, ಯಾವ ಮರ ಎಂದು ಹೇಳಬೇಡಿ. ಗ್ರಾಮದ ಹೆಸರು ಸಾಕು. ಇನ್ನು, ರಾಟವಾಳ ಭತ್ತಕ್ಕೆ ಬೀಳುವ ಹಕ್ಕಿಯಲ್ಲವೇ, ಅದರ ಮೇಲೇಕೆ ಇಷ್ಟು ಮಮಕಾರ ಎಂಬ ಮಾತಿಗೆ ಭತ್ತ ಬೆಳೆಯುವವರ ಪರವಾಗಿಯೇ ಉತ್ತರ ಹೇಳುತ್ತೇನೆ. ಇಡೀ ಬೈಲು ಗದ್ದೆಯಾಗಿದ್ದಾಗ ಹಂಚಿಹೋಗುತ್ತಿದ್ದ ಹಕ್ಕಿಗಳು ಈಗ ಉಳಿದಿರುವ ಒಂದೇ ಗದ್ದೆಗೆ ಬಂದೆರಗಿದರೆ ಆ ಒಬ್ಬ ಕೃಷಿಕನಿಗೆ ನಷ್ಟ ಹೆಚ್ಚು. ಅವನಿಗೆ ನೆರವೋ ಪರಿಹಾರವೋ ಕೇಳಬೇಕಾದರೂ ಎಷ್ಟು ಹಕ್ಕಿ, ಯಾವ ತಿಂಗಳು, ಯಾವ ಬೆಳೆಗೆ ಎಂಬ ಲೆಕ್ಕ ಬೇಕು.

ಇಂಗ್ಲಿಷ್ ಆ್ಯಪ್ ನಮಗಾಗದು, ಗುಂಡ್ಯದ ಒಳಗಿನ ಊರುಗಳಲ್ಲಿ ನೆಟ್‌ವರ್ಕೂ ಸಿಗದು ಎನ್ನುವವರು ಹಾಲಿನ ಲೆಕ್ಕದ ಪುಸ್ತಕದಂಥದೊಂದರಲ್ಲಿ ಬರೆಯಿರಿ. ದಿನಾಂಕ, ಗ್ರಾಮ, ಹೊತ್ತು, ಹಕ್ಕಿ, ಸಂಖ್ಯೆ, ಸಂಶಯವಿದ್ದರೆ ಅದು. ಇಷ್ಟು ಸಾಲಿಗೆ ಯಾವ ಭಾಷೆಯೂ ಆಗುತ್ತದೆ. ಊರಿಗೊಬ್ಬ ಕಾಲೇಜು ಹುಡುಗನೋ ಹುಡುಗಿಯೋ ತಿಂಗಳಿಗೊಮ್ಮೆ ಪುತ್ತೂರಿಗೋ ಸುಳ್ಯಕ್ಕೋ ಹೋದಾಗ ಅದನ್ನು ಇ-ಬರ್ಡಿಗೆ ಏರಿಸಬಹುದು. ಜೊತೆಗೆ ನಮ್ಮದೇ ಆದ ಇನ್ನೊಂದು ಜಾಗವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಿಗಳ ಜನತಾ ದಾಖಲಾತಿಯನ್ನು ಇಡಬೇಕು. ಒಮ್ಮೆ ತಯಾರಾಗಿ ಕಪಾಟು ಸೇರುವ ಪುಸ್ತಕ ಅದಾಗಬಾರದು. ನಿಮ್ಮ ವರ್ಷದ ಪಟ್ಟಿಯ ಒಂದು ಪ್ರತಿಯನ್ನು ಆ ಸಮಿತಿಗೆ ಕೊಟ್ಟು, ಸೇರಿಸಿಕೊಳ್ಳಿ ಎಂದು ಬರೆದು ಕೇಳಿ, ಸ್ವೀಕೃತಿ ಪಡೆಯಿರಿ.

ಫೆಬ್ರವರಿ ನಡುಭಾಗದಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಶುರುವಾದ ಈ ಎಣಿಕೆಗೆ ಭಾರತದ ಹಕ್ಕಿಪ್ರಿಯರು ಸೇರಿದ್ದು 2013ರಿಂದ. ಆ ನಾಲ್ಕು ದಿನಗಳಿಗೆ ಮುಂಚೆ ಶಿರಾಡಿ, ಶಿರಿಬಾಗಿಲು, ಕೊಂಬಾರು, ಬಿಳಿನೆಲೆ, ಸುಬ್ರಹ್ಮಣ್ಯ, ಹೀಗೆ ಗುಂಡ್ಯದಿಂದ ಕುಮಾರಧಾರೆಯವರೆಗಿನ ಪ್ರತಿ ಗ್ರಾಮದಲ್ಲಿ ಒಂದೊಂದು ಮನೆಯಾದರೂ ಒಪ್ಪಿಕೊಳ್ಳಲಿ. ಎಣಿಕೆ ಮುಗಿದ ಮೇಲೆ ಪುಸ್ತಕ ಮುಚ್ಚದೆ ವಾರಕ್ಕೊಮ್ಮೆಯ 15 ನಿಮಿಷವನ್ನು ಮುಂದುವರಿಸಿ. ಕಪ್ಪುಗಂಟಲಿನ ರಾಟವಾಳ ಕಂಡವರು ಹೊಟ್ಟೆಯ ಬಣ್ಣ ಕಾಣುವ ಫೋಟೊ ಇಟ್ಟುಕೊಳ್ಳಲು ಮರೆಯಬೇಡಿ. ಕಾಣದವರು ಸೊನ್ನೆ ಬರೆಯಲು ಮರೆಯಬೇಡಿ.

ಇತಿ,
ನಿಮ್ಮ ಸೀಮೆಯ ಒಬ್ಬ ಹಕ್ಕಿಪ್ರಿಯ